ಕಟ್ಟಿದಷ್ಟೂ ಮುಗಿಯದ ಮನೆ

ಕಳೆದ ಬೇಸಿಗೆ ರಜೆಯ ಆರಂಭದಲ್ಲಿ ವಾಡಿಯಲ್ಲಿರುವ ಅಕ್ಕನ ಮಗನಿಗೆ ನಾನೊಂದು ಟ್ಯಾಬ್ಲೆಟ್ ಕೊಡಿಸಿದೆ. ಹುಡುಗನಿಗೆ ಹನ್ನೊಂದು ತುಂಬಿತ್ತು. ಐದನೆಯ ತರಗತಿಯ ಪರೀಕ್ಷೆಯನ್ನು ಚೆನ್ನಾಗಿ ಬರೆದಿದ್ದ. ಸೇಡಂನಿಂದ ವಾಡಿಗೆ ರೈಲಿನಲ್ಲಿ ಹೋಗುವಾಗ ಆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನಷ್ಟಕ್ಕೆ ನಾನೇ ಬೀಗಿದ್ದು ನೆನಪಿದೆ. ಬಟ್ಟೆ, ಚೆಂಡು, ಬಣ್ಣದ ಪೆನ್ಸಿಲುಗಳನ್ನು ಯಾರಾದರೂ ಕೊಡುತ್ತಾರೆ. ಈ ಮಾಮಾ ಬೇರೆ ಎಂದು ಹುಡುಗ ಅಂದುಕೊಳ್ಳಲಿ ಎಂಬ ಸಣ್ಣ ಆಸೆಯೂ ಅದರಲ್ಲಿ ಸೇರಿತ್ತು. ಟ್ಯಾಬ್ಲೆಟ್ಟಿನೊಳಗೆ ಒಂದು ಆಟವನ್ನು ಹಣ ಕೊಟ್ಟು ನಾನೇ ಹಾಕಿಸಿದ್ದೆ. ಗುಂಡು ಹಾರಿಸುವ ಆಟವಲ್ಲ, ಹಣ ಹೂಡಿ ಕಳೆದುಕೊಳ್ಳುವ ಆಟವೂ ಅಲ್ಲ. ಕಲ್ಲಿನ ಮೇಲೆ ಕಲ್ಲಿಟ್ಟು ಮನೆ, ಕೋಟೆ, ಸೇತುವೆಗಳನ್ನು ಕಟ್ಟುವ ಮೈನ್‌ಕ್ರಾಫ್ಟ್. ಬುದ್ಧಿ ಬೆಳೆಯುತ್ತದೆ ಎಂದು ಅಕ್ಕನಿಗೆ ಭರವಸೆ ಕೊಟ್ಟೆ. ವೃತ್ತಿಯಿಂದ ವೈದ್ಯನಾದ ತಮ್ಮನ ಮಾತನ್ನು ಆಕೆ ಏಕೆ ಅನುಮಾನಿಸಿಯಾಳು?

ಮೂರು ವಾರ ಕಳೆದ ಮೇಲೆ ಅಕ್ಕನ ಫೋನ್ ಬಂತು. “ಏನ್ ಕೊಟ್ಟು ಹೋದೆಪ್ಪಾ ತಮ್ಮಾ, ಹುಡುಗ ಮನ್ಯಾಗ ಇದ್ದೂ ಇಲ್ಲದಂಗ ಆಗ್ಯಾನ.”

ಮರುದಿನವೇ ಹೋದೆ. ಮಧ್ಯಾಹ್ನದ ಎರಡು ಗಂಟೆ. ಕಿಟಕಿಗಳನ್ನು ಮುಚ್ಚಿ ಕೂಲರ್ ಹಚ್ಚಿದ ಕೋಣೆಯ ಮೂಲೆಯಲ್ಲಿ ಅವನು ಗೋಡೆಗೆ ಒರಗಿ ಕುಳಿತಿದ್ದ. ನನ್ನ ದನಿ ಕೇಳಿದರೆ ಬಾಗಿಲಿಗೆ ಓಡಿ ಬರುತ್ತಿದ್ದವನು ಕಣ್ಣೆತ್ತದೆಯೇ, “ಇನ್ನೊಂದೈದು ನಿಮಿಷ ಮಾಮಾ” ಎಂದ. ಕಣ್ಣುಗಳು ಕೆಂಪೇರಿದ್ದವು. ಅದೇ ಕೋಣೆಯಲ್ಲಿ ಅಕ್ಕನ ಅತ್ತೆಯವರು ಪ್ರತಿದಿನ ಬೆಳಿಗ್ಗೆ ಲಿಂಗಪೂಜೆ ಮಾಡಿಕೊಳ್ಳುತ್ತಾರೆ. ಎಂಬತ್ತರ ಸಮೀಪದ ಆ ಹಿರಿಯರು ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: “ಇಷ್ಟು ವರ್ಷ ಅಂಗೈಯಾಗ ಲಿಂಗ ಹಿಡ್ದು ಕುಂತೀನಿ ಎಪ್ಪಾ, ಇವನಂಗ ನೋಟ ನಿಂದ್ರಸೋದು ನನಗ ಒಂದಿನಾನೂ ಬಂದಿಲ್ಲ.” ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಅಚ್ಚರಿಯಿತ್ತು. ಇಂದಿನ ಮಕ್ಕಳಿಗೆ ಏಕಾಗ್ರತೆಯಿಲ್ಲ ಎಂದು ನಾವು ವೈದ್ಯರೂ ಶಿಕ್ಷಕರೂ ಸೇರಿ ದೂರುತ್ತೇವೆ. ಆ ಮೂಲೆಯಲ್ಲಿ ಏಕಾಗ್ರತೆಗೇನೂ ಕೊರತೆಯಿರಲಿಲ್ಲ. ಅದನ್ನು ಹಿಡಿದಿಟ್ಟದ್ದು ಏನು ಎಂದು ತಿಳಿಯದೆ ಔಷಧ ಹೇಳುವುದು ಸರಿಯಲ್ಲವೆನಿಸಿತು. ಅವನ ಪಕ್ಕದಲ್ಲಿ ಕುಳಿತು, ನನಗೂ ಕಲಿಸು ಎಂದೆ.

ಈ ಆಟವನ್ನು ಸ್ವೀಡನ್ ದೇಶದ ಮಾರ್ಕುಸ್ ಪರ್ಸನ್ ಎಂಬ ತಂತ್ರಜ್ಞ 2009ರಲ್ಲಿ ಜನರ ಮುಂದಿಟ್ಟ. 2011ರಲ್ಲಿ ಅದು ಪೂರ್ಣರೂಪ ಪಡೆಯಿತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ 250 ಕೋಟಿ ಡಾಲರ್ ತೆತ್ತು ಅದನ್ನು ಕೊಂಡುಕೊಂಡಿತು. 2023ರ ಹೊತ್ತಿಗೆ ಮಾರಾಟವಾದ ಪ್ರತಿಗಳು 30 ಕೋಟಿಯನ್ನು ದಾಟಿದ್ದವು. ಇಷ್ಟೊಂದು ಜನರನ್ನು ಸೆಳೆದ ಆಟದ ನೋಟ ಮಾತ್ರ ತೀರ ಸರಳ. ಬೆಟ್ಟ, ಹೊಳೆ, ಗಿಡ, ದನ ಎಲ್ಲವೂ ಚೌಕಾಕಾರ. ಜಗತ್ತೆಲ್ಲ ಒಂದೊಂದು ಮೀಟರ್ ಉದ್ದ, ಅಗಲ, ಎತ್ತರದ ಘನಗಳಿಂದ ಆಗಿದೆ. ಆಡುವವನನ್ನು ಬರಿಗೈಯಲ್ಲಿ ಅಲ್ಲಿ ಇಳಿಸುತ್ತಾರೆ. ಗಿಡ ಕಡಿದರೆ ಕಟ್ಟಿಗೆ, ಕಟ್ಟಿಗೆಯಿಂದ ಪಿಕಾಸಿ, ಪಿಕಾಸಿಯಿಂದ ಕಲ್ಲು, ಕಲ್ಲಿನಿಂದ ಒಲೆ, ಒಲೆಯಲ್ಲಿ ಕಬ್ಬಿಣ. ಕತ್ತಲಾಗುವುದರೊಳಗೆ ನಾಲ್ಕು ಗೋಡೆ ಎಬ್ಬಿಸಿಕೊಳ್ಳಬೇಕು, ಏಕೆಂದರೆ ರಾತ್ರಿ ಭೂತಪ್ರೇತಗಳು ಹೊರಡುತ್ತವೆ. ಹೀಗೆ ಮಾಡಿಕೋ ಎಂದು ಆಜ್ಞಾಪಿಸುವವರು ಯಾರೂ ಇಲ್ಲ. ಏನು ಕಟ್ಟಬೇಕು ಎಂಬುದು ಪೂರ್ತಿ ಅವನ ಇಚ್ಛೆ.

ನಮ್ಮ ಸೀಮೆಯ ಹುಡುಗನಿಗೆ ಇದು ಹಿಡಿಸಿದ್ದರಲ್ಲಿ ಆಶ್ಚರ್ಯವೇನಿದೆ? ಭೀಮಾ ಕೊಳ್ಳದ ಸುಣ್ಣದ ಕಲ್ಲಿನ ಪದರಗಳ ಮೇಲೆಯೇ ನಮ್ಮ ಊರುಗಳು ನಿಂತಿವೆ. ಶಹಾಬಾದಿನ ಫರಸಿ ಹಾಸದ ಪಡಸಾಲೆ ಇಲ್ಲಿ ಅಪರೂಪ. ವಾಡಿ, ಸೇಡಂ, ಮಳಖೇಡಗಳಲ್ಲಿ ಅದೇ ಕಲ್ಲನ್ನು ಅರೆದು ಸುಟ್ಟು ಸಿಮೆಂಟ್ ಮಾಡುತ್ತಾರೆ. ಹುಡುಗನ ಮನೆಯ ಮುಂದೆ ಹಗಲೂ ರಾತ್ರಿ ಓಡುವ ಲಾರಿಗಳಲ್ಲಿ ಇರುವುದು ಇಲ್ಲವೇ ಕಲ್ಲು, ಇಲ್ಲವೇ ಕಲ್ಲಿನ ಹಿಟ್ಟು. ನಾಡೆಲ್ಲ ಮನೆ ಕಟ್ಟಿಕೊಳ್ಳುವುದಕ್ಕೆ ಬೇಕಾದುದನ್ನು ಕಳಿಸುವ ಈ ನೆಲದಲ್ಲಿ, ಮಕ್ಕಳ ಕೈಗೆ ಮಾತ್ರ ಒಂದು ಕಲ್ಲನ್ನೂ ನಾವು ಕೊಡುವುದಿಲ್ಲ. ಕೈ ಕೊಳೆಯಾಗುತ್ತದೆ, ಬೆರಳು ಜಜ್ಜುತ್ತದೆ, ಓದು ಹಾಳಾಗುತ್ತದೆ.

ಅಂದು ಸಂಜೆಯ ಗಾಡಿಗೆ ಸೇಡಂಗೆ ಮರಳಿದೆ. ಅಭ್ಯಾಸ ಮಾಡಿ ನೋಡೋಣವೆಂದು ಆ ಆಟವನ್ನು ನನ್ನ ಫೋನಿಗೂ ಇಳಿಸಿಕೊಂಡೆ. ಊಟವಾದ ಮೇಲೆ ಹಾಸಿಗೆಯಲ್ಲಿ ಒರಗಿ ಒಂದು ಕಲ್ಯಾಣಿ ಕಟ್ಟಲು ತೊಡಗಿದೆ: ನಾಲ್ಕೂ ದಿಕ್ಕಿಗೆ ಮೆಟ್ಟಿಲು, ನಡುವೆ ನೀರು, ಮೂಲೆಗೊಂದು ಮಂಟಪ. ಮೂರನೆಯ ಮಂಟಪ ಏಳುವಾಗ ಗಡಿಯಾರ ನೋಡಿದರೆ ರಾತ್ರಿ ಒಂದೂವರೆ. ನಾಲ್ಕನೆಯದನ್ನು ಮುಗಿಸದೆ ನಿದ್ರೆ ಬರಲಿಲ್ಲ. ಮರುದಿನ ದವಾಖಾನೆಯಲ್ಲಿ ಒಬ್ಬ ವೃದ್ಧರ ರಕ್ತದೊತ್ತಡವನ್ನು ನೋಡುತ್ತಿದ್ದಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಕಲ್ಯಾಣಿಗೆ ಇನ್ನೆಷ್ಟು ಕಲ್ಲು ಬೇಕೆಂಬ ಲೆಕ್ಕ. ಹೀಗೆ ಆರು ರಾತ್ರಿ ಕಳೆದವು. ಐವತ್ತೆರಡು ವರ್ಷದವನಿಗೆ ಈ ಗತಿಯಾದರೆ ಹನ್ನೊಂದರ ಹುಡುಗನಿಗೆ ‘ಸಾಕು ಎನ್ನಿಸಬೇಕು’ ಎಂದು ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ. ಏಳನೆಯ ದಿನ ಆಟವನ್ನು ಫೋನಿನಿಂದ ತೆಗೆದೆ. ಕಲ್ಯಾಣಿಯ ಬಗ್ಗೆ ಈಗಲೂ ಸ್ವಲ್ಪ ಮರುಕವಿದೆ ಎಂಬುದನ್ನು ಮುಚ್ಚಿಡಲಾರೆ.

ಸಾಕು ಎನ್ನಿಸದಿರುವುದಕ್ಕೆ ಕಾರಣಗಳಿವೆ. ಕಬಡ್ಡಿಗೆ ಸೀಟಿ ಇದೆ, ಚದುರಂಗಕ್ಕೆ ಸೋಲುಗೆಲುವಿದೆ, ಪುಸ್ತಕಕ್ಕೆ ಕಡೆಯ ಪುಟವಿದೆ. ಕಟ್ಟುವ ಆಟಕ್ಕೆ ಅಂಥ ದಡವಿಲ್ಲ. ಮನೆಯಾದರೆ ತೋಟ, ತೋಟವಾದರೆ ಬೇಲಿ, ಬೇಲಿಯಾದರೆ ಊರು. ನೆಲದಾಳದಲ್ಲಿ ವಜ್ರಗಳಿವೆ, ಅವು ಎಲ್ಲಿ ಸಿಕ್ಕಾವು ಎಂದು ಮೊದಲೇ ತಿಳಿಯುವಂತಿಲ್ಲ. ಹತ್ತು ಸಲ ಅಗೆದರೆ ಬರಿ ಕಲ್ಲು, ಹನ್ನೊಂದನೆಯ ಸಲ ಫಳಕ್ಕನೆ ವಜ್ರ. ಫಲ ಯಾವಾಗ ಸಿಗುವುದೆಂದು ತಿಳಿಯದಿರುವಾಗ ಪ್ರಾಣಿಗಳೂ ಮನುಷ್ಯರೂ ಪ್ರಯತ್ನವನ್ನು ಬಿಡದೆ ಮುಂದುವರಿಸುತ್ತಾರೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲಿಯೇ ತೋರಿಸಿಕೊಟ್ಟರು. 1998ರಲ್ಲಿ ಲಂಡನ್ನಿನ ಸಂಶೋಧಕರು ಎಂಟು ಜನರಿಗೆ ವಿಡಿಯೋ ಆಟವನ್ನು ಆಡಿಸಿ ಮಿದುಳಿನ ಚಿತ್ರ ತೆಗೆದಾಗ, ಆಟದ ವೇಳೆ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚಾಗಿ ಬಿಡುಗಡೆಯಾದುದು ಕಂಡುಬಂತು. ಇದನ್ನೇ ಹಿಡಿದು ‘ಆಟವೆಂದರೆ ಅಫೀಮು’ ಎಂದು ಕೆಲವರು ಬರೆಯುತ್ತಾರೆ, ಅದು ಅತಿಯಾಯಿತು. ಹಸಿದಾಗ ರೊಟ್ಟಿಯ ಕಂಪು ಬಂದರೂ ಆ ರಾಸಾಯನಿಕ ಏರುತ್ತದೆ. ತೊಂದರೆ ಇರುವುದು ಅದು ಏರುವುದರಲ್ಲಿ ಅಲ್ಲ. ದಿನವಿಡೀ ಏರಿಸುತ್ತಲೇ ಇರುವ ವಸ್ತು ಕೈಯಲ್ಲಿಯೇ ಇರುವುದರಲ್ಲಿ. ಇನ್ನೊಂದು ಸೆಳೆತವೂ ಇದೆ. ಶಹಾಬಾದಿನ ಒಬ್ಬ ಸಹಪಾಠಿ ಅದೇ ಹೊತ್ತಿಗೆ ಅದೇ ಜಗತ್ತಿನೊಳಗೆ ಬರುತ್ತಿದ್ದ. ಇಬ್ಬರೂ ಕೂಡಿ ಕೋಟೆ ಕಟ್ಟುತ್ತಿದ್ದರು. ಗೆಳೆಯ ಕಾಯುತ್ತಿದ್ದಾನೆ ಎಂಬ ಸಂಕಟ ಯಾವ ವಜ್ರಕ್ಕಿಂತಲೂ ಬಲವಾದದ್ದು.

ಈ ನಡುವೆ ಮನೆಯಲ್ಲಿ ಒಂದು ಅಹಿತಕರ ಘಟನೆ ನಡೆಯಿತು. ಒಂದು ರಾತ್ರಿ ಹನ್ನೊಂದೂವರೆಗೆ ಪಾಳಿ ಮುಗಿಸಿ ಬಂದ ಭಾವನವರು, ಮಗ ಇನ್ನೂ ಆಡುತ್ತಿರುವುದನ್ನು ಕಂಡು ಟ್ಯಾಬ್ಲೆಟ್ಟನ್ನು ಕಸಿದುಕೊಂಡರು. ಹುಡುಗ ಆಗ ಗೆಳೆಯನ ಜೊತೆ ಗವಿಯ ಆಳದಲ್ಲಿದ್ದ. ಅವನ ಪಾತ್ರ ಅಲ್ಲಿಯೇ ಸತ್ತು, ಹತ್ತು ದಿನ ಕೂಡಿಸಿದ ಸಾಮಗ್ರಿಯೆಲ್ಲ ಹೋಯಿತು. ಅವನು ಮುಂದಿದ್ದ ಊಟದ ತಟ್ಟೆಯನ್ನು ತಳ್ಳಿದ. ಉಂಡ ತಟ್ಟೆಯನ್ನು ತೊಳೆದು ಆ ನೀರನ್ನು ಪ್ರಸಾದವೆಂದು ಕುಡಿಯುವ ಅಜ್ಜಿಯ ಕಣ್ಣೆದುರಿಗೆ ಅನ್ನ ಫರಸಿಯ ಮೇಲೆ ಚೆಲ್ಲಿತು. ಭಾವನವರು ಕೈಯೆತ್ತಿದರು. ಮುಂದಿನ ಎರಡು ದಿನ ತಂದೆ ಮಕ್ಕಳು ಮಾತಾಡಲಿಲ್ಲ. ಈ ಕಥೆ ಕೇಳಿದಾಗ ನನಗೆ ನನ್ನ ಉಡುಗೊರೆಯ ನಿಜವಾದ ಬೆಲೆ ತಿಳಿಯಿತು.

ಇದನ್ನು ರೋಗವೆನ್ನಬೇಕೆ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, 2022ರ ಜನವರಿ 1ರಿಂದ ಜಾರಿಗೆ ಬಂದ ರೋಗಗಳ ವರ್ಗೀಕರಣದಲ್ಲಿ ಆಟದ ವ್ಯಸನಕ್ಕೂ ಒಂದು ಸ್ಥಾನ ಕೊಟ್ಟಿದೆ. ಅಲ್ಲಿ ಹೇಳಿರುವ ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಆಸಕ್ತಿ ಮತ್ತು ಕೆಲಸಗಳಿಗಿಂತ ಆಟವೇ ಮೇಲಾಗುವುದು, ಹಾನಿಯಾಗುತ್ತಿದೆ ಎಂದು ಕಂಡ ಮೇಲೂ ಮುಂದುವರಿಸುವುದು. ಇವು ಬದುಕನ್ನೇ ಕೆಡಿಸುವಷ್ಟು ತೀವ್ರವಾಗಿರಬೇಕು ಮತ್ತು ಸಾಮಾನ್ಯವಾಗಿ 12 ತಿಂಗಳಷ್ಟಾದರೂ ಕಾಣಬೇಕು. ಆಡುವವರಲ್ಲಿ ಒಂದು ಸಣ್ಣ ಪಾಲು ಮಾತ್ರ ಈ ಅಳತೆಗೆ ಬರುತ್ತದೆ. ನಮ್ಮ ಹುಡುಗ ಬರುತ್ತಿರಲಿಲ್ಲ. ಹಾಗೆಂದು ಸುಮ್ಮನಿರುವಂತೆಯೂ ಇರಲಿಲ್ಲ, ಏಕೆಂದರೆ ಹಾನಿ ರೋಗದ ಹೆಸರು ಪಡೆಯುವ ಮೊದಲೇ ಆರಂಭವಾಗುತ್ತದೆ. 6ರಿಂದ 12 ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆಯ ನಿದ್ರೆ ಬೇಕು. ಅವನಿಗೆ ಆರೂ ಆಗುತ್ತಿರಲಿಲ್ಲ. ರಾತ್ರಿ ಕಣ್ಣಿಗೆ ಬೀಳುವ ಪರದೆಯ ಬೆಳಕು ನಿದ್ರೆ ತರುವ ಮೆಲಟೋನಿನ್ ಸ್ರಾವವನ್ನು ತಡೆಯುತ್ತದೆ. ಬೆಳಕಿಗಿಂತ ಹೆಚ್ಚಾಗಿ ಆಟದ ಉದ್ವೇಗ ಮನಸ್ಸನ್ನು ಎಚ್ಚರವಾಗಿಡುತ್ತದೆ. ಪರದೆಯನ್ನು ದಿಟ್ಟಿಸುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆ; ಅದರ ಮೇಲೆ ಕೂಲರಿನ ಗಾಳಿ. ಕೆಂಪು, ಉರಿ, ತಲೆನೋವುಗಳಿಗೆ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ.

ಸಮೀಪದೃಷ್ಟಿಯ ವಿಷಯ ಇನ್ನೂ ದೂರಗಾಮಿ. ಬಯಲಿನ ಬೆಳಕಿನಲ್ಲಿ ದಿನಕ್ಕೆ ಎರಡು ಗಂಟೆ ಕಳೆಯುವ ಮಕ್ಕಳಲ್ಲಿ ಈ ದೋಷ ಕಾಣಿಸಿಕೊಳ್ಳುವುದು ಕಡಿಮೆ ಎಂಬುದು ಈಗ ಚೆನ್ನಾಗಿ ತಿಳಿದಿರುವ ಸಂಗತಿ. ತೈವಾನ್‌ನಲ್ಲಿ 2010ರಿಂದ ಶಾಲಾಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಕಳೆಯುವಂತೆ ಮಾಡುವ ಕಾರ್ಯಕ್ರಮವೇ ನಡೆದಿದೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆಯಂತೆ ಎರಡು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ. ಎರಡರಿಂದ ಐದು ವರ್ಷದವರಿಗೆ ಒಂದು ಗಂಟೆ ಮೀರಬಾರದು. ಐದರಿಂದ ಹತ್ತರವರಿಗೆ ಎರಡು ಗಂಟೆಗಿಂತ ಕಡಿಮೆಯಿರಬೇಕು. ಹನ್ನೊಂದಾಯಿತೆಂದು ಲೆಕ್ಕ ಬಿಟ್ಟುಬಿಡಿ ಎಂದು ಇದರ ಅರ್ಥವಲ್ಲ.

ಹಾಗಾದರೆ ಹೊರಗೆ ಕಳಿಸಿ ಎನ್ನುವುದು ಸುಲಭ. ನಾನೂ ಎಷ್ಟೋ ತಾಯಂದಿರಿಗೆ ಹೀಗೆ ಹೇಳಿ ಕಳಿಸಿದ್ದೇನೆ. ಅಕ್ಕ ಒಂದೇ ಮಾತು ಕೇಳಿದಳು: “ಎಲ್ಲಿಗೆ ಕಳಿಸ್ಲಿ?” ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಮುಗಿಯುವ ಕಲಬುರಗಿ ವಿಭಾಗ ನಮ್ಮದು. ಬಿಸಿಲು 42 ಡಿಗ್ರಿ ದಾಟಿದ ಮಧ್ಯಾಹ್ನ ಆಡಲು ಹೋಗು ಎನ್ನುವುದು ಯಾವ ವೈದ್ಯನ ಬಾಯಲ್ಲಿಯೂ ಬರಬಾರದ ಮಾತು. ಸಂಜೆ ಹೋಗೋಣವೆಂದರೆ ರಸ್ತೆಯ ತುಂಬ ಲಾರಿ. ಊರಾಚೆಗೆ ಕಲ್ಲು ತೆಗೆದು ಬಿಟ್ಟ ಖಣಿಗಳಿವೆ. ಮಳೆನೀರು ತುಂಬಿ ಕೆರೆಯಂತೆ ಕಾಣುತ್ತವೆ, ಆದರೆ ಕೆರೆಗಿರುವ ಇಳಿಜಾರಿನ ದಡ ಅವಕ್ಕಿಲ್ಲ. ಅಂಚಿನಿಂದ ಒಂದು ಹೆಜ್ಜೆ ತಪ್ಪಿದರೆ ಆಳ. ಇದನ್ನು ಬಲ್ಲ ತಾಯಿ ಮಗು ಕೋಣೆಯೊಳಗೆ ಕಣ್ಣೆದುರು ಇದ್ದರೆ ಸಾಕೆಂದುಕೊಳ್ಳುತ್ತಾಳೆ. ಮೊಬೈಲ್ ಕೊಟ್ಟ ತಾಯಿಯನ್ನು ಬೈಯುವ ಮೊದಲು ನಾವು ಮಕ್ಕಳ ಬಯಲನ್ನು ಏನು ಮಾಡಿದೆವು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಆದ್ದರಿಂದ ಮೊದಲು ಆಟದೊಳಗೇ ಒಂದು ದಡ ಕಟ್ಟಲು ನೋಡಿದೆವು. ಆ ಜಗತ್ತಿನ ಒಂದು ಹಗಲು ರಾತ್ರಿ ನಮ್ಮ 20 ನಿಮಿಷ. ಹಗಲು ಸುಮಾರು 10 ನಿಮಿಷ. ಕತ್ತಲಾಗುತ್ತಲೇ ಅಲ್ಲಿನ ಹಾಸಿಗೆಯ ಮೇಲೆ ಮಲಗಿದರೆ ರಾತ್ರಿ ಕಳೆದು ಬೆಳಗಾಗುತ್ತದೆ. ಆರು ಹಗಲಾದರೆ ನಮ್ಮ ಒಂದು ಗಂಟೆ. ಆರನೆಯ ಸಂಜೆ ಅವನ ಪಾತ್ರ ಮಲಗಿದಾಗ ಆಟ ನಿಲ್ಲಬೇಕು ಎಂದು ನಾನು, ಭಾವನವರು, ಹುಡುಗ ಮೂವರೂ ಕೂತು ಒಪ್ಪಿದೆವು. ಗಡಿಯಾರ ತೋರಿಸಿ ‘ನಿಲ್ಲಿಸು’ ಎಂದರೆ ರೇಗುತ್ತಿದ್ದವನು ಇದಕ್ಕೆ ಒಪ್ಪಿದ, ಏಕೆಂದರೆ ಮಲಗುವಾಗ ಅವನ ಸಾಮಗ್ರಿ ಭದ್ರ, ಗೆಳೆಯನಿಗೂ ಹೇಳಿ ಬಂದಂತಾಗುತ್ತದೆ. ಟ್ಯಾಬ್ಲೆಟ್ ರಾತ್ರಿ ಅಜ್ಜಿಯ ಕೋಣೆಯಲ್ಲಿ ಚಾರ್ಜ್ ಆಗುವುದು, ಊಟದ ಹೊತ್ತಿನಲ್ಲಿ ಯಾರ ಕೈಯಲ್ಲಿಯೂ ಫೋನ್ ಇರದಿರುವುದು ಎಂಬ ಎರಡು ಕಟ್ಟಳೆಗಳೂ ಆದವು. ಎರಡನೆಯದನ್ನು ಪಾಲಿಸುವುದು ಹೆಚ್ಚು ಕಷ್ಟವಾದದ್ದು ಭಾವನವರಿಗೆ.

ಉಳಿದ ಹೊತ್ತಿಗೆ ಏನು? ಬರಿದಾದ ಜಾಗಕ್ಕೆ ಬೇರೊಂದು ಬಾರದಿದ್ದರೆ ಹಳೆಯದೇ ಮರಳುತ್ತದೆ. ಮನೆಯ ಹಿತ್ತಿಲಲ್ಲಿ ಒಂದು ಬೇವಿನ ಮರವಿದೆ. ಅದರ ಸುತ್ತ ಕಟ್ಟೆ ಬೇಕೆಂದು ಅಜ್ಜಿ ವರ್ಷಗಳಿಂದ ಹೇಳುತ್ತಿದ್ದರು. ಶಹಾಬಾದ್ ಕಡೆಯ ವಯಸ್ಸಾದ ಗೌಂಡಿಯೊಬ್ಬರನ್ನು ಒಪ್ಪಿಸಿದೆವು. ಕೆಲಸ ಬೆಳಗಿನ ಆರರಿಂದ ಎಂಟೂವರೆ, ಬಿಸಿಲೇರುವ ಮೊದಲು. ಹುಡುಗ ಕೈಯಾಳು. ಮೊದಲ ದಿನ ಅವನು ಗೌಂಡಿಯವರಿಗೆ ತನ್ನ ಕೋಟೆಯನ್ನು ತೋರಿಸಿದ. ಅವರು ಬಹಳ ಹೊತ್ತು ನೋಡಿ, “ಒಂದೊಂದು ಕಲ್ಲು ಎಷ್ಟು ದೊಡ್ಡದು?” ಎಂದು ಕೇಳಿದರು. ಮೀಟರಿಗೆ ಮೀಟರ್ ಎಂದಾಗ ನಕ್ಕರು. ಆ ಗಾತ್ರದ ಸುಣ್ಣದ ಕಲ್ಲು ಎರಡೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಆಟದ ಮನುಷ್ಯನೋ ಅಂಥ 64 ಕಲ್ಲುಗಳನ್ನು ಚೀಲದ ಒಂದೇ ಗೂಡಿನಲ್ಲಿಟ್ಟುಕೊಂಡು ಓಡುತ್ತಾನೆ. ಗೌಂಡಿಯವರು ಬೆರಳಿಟ್ಟು ತೋರಿಸಿದ ಇನ್ನೊಂದು ದೋಷ ನನಗೂ ಹೊಳೆದಿರಲಿಲ್ಲ. “ಸಂದಿನ ಮ್ಯಾಲ ಸಂದ್ ಬಂದದಲ್ಲೋ ಮಗಾ, ಈ ಗ್ವಾಡಿ ನಿಂದ್ರಲ್ಲ.” ಆಟದ ಗೋಡೆಯಲ್ಲಿ ಕೆಳಗಿನ ಕಲ್ಲಿನ ಸಂದಿಯ ನೇರಕ್ಕೇ ಮೇಲಿನದೂ ಬರುತ್ತದೆ, ಕೆಳಗಿನ ಕಲ್ಲನ್ನು ಕಿತ್ತರೂ ಮೇಲಿನದು ಗಾಳಿಯಲ್ಲಿ ನಿಲ್ಲುತ್ತದೆ. ಹಿತ್ತಿಲಿನಲ್ಲಿ ಹಾಗೆ ನಡೆಯುವುದಿಲ್ಲ. ಅದನ್ನು ನಂಬದೆ ಹುಡುಗ ತಾನೇ ಎರಡು ಅಡಿ ಗೋಡೆ ಎಬ್ಬಿಸಿದ. ಅದು ಸಂಜೆಗೆ ಬಿತ್ತು.

ಮುಂದಿನ ದಿನಗಳಲ್ಲಿ ಅವನು ಕಲಿತದ್ದನ್ನು ನಾನು ಹೇಳಿಕೊಡಲು ಸಾಧ್ಯವಿರಲಿಲ್ಲ. ಕಲ್ಲಿನ ಪದರ ಯಾವ ಕಡೆಗೆ ಸೀಳುತ್ತದೆ, ತೂಗುಗುಂಡು ಏಕೆ ಸುಳ್ಳು ಹೇಳುವುದಿಲ್ಲ, ಚಿಕ್ಕ ಚಕ್ಕೆಯೊಂದು ದೊಡ್ಡ ಕಲ್ಲನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬುದೆಲ್ಲ ಬೆರಳಿನ ಮೂಲಕವೇ ತಲೆಗೆ ಹೋಗುವ ವಿದ್ಯೆ. ಕಾಯಕವೆಂಬ ಮಾತಿನಲ್ಲೇ ಕಾಯವಿದೆ. ಎರಡು ಎಚ್ಚರಗಳನ್ನು ಇಲ್ಲಿ ಹೇಳಲೇಬೇಕು: ಹಸಿ ಸಿಮೆಂಟಿನ ಕ್ಷಾರ ಮಕ್ಕಳ ಚರ್ಮವನ್ನು ಸುಡುತ್ತದೆಯಾದ್ದರಿಂದ ನಾವು ಕೆಸರುಮಣ್ಣಿನಲ್ಲಿಯೇ ಕಟ್ಟಿಸಿದೆವು, ಕಲ್ಲು ಒಡೆಯುವಾಗ ಹುಡುಗನನ್ನು ದೂರ ನಿಲ್ಲಿಸಿ, ಮೂಗಿಗೆ ವಸ್ತ್ರ ಕಟ್ಟಿಸುತ್ತಿದ್ದೆವು. ಅವನ ನಿದ್ರೆ ಯಾವ ಗುಳಿಗೆಯೂ ಇಲ್ಲದೆ ಒಂಬತ್ತೂವರೆಗೆ ಬರತೊಡಗಿತು. ಬೆಳಗಿನ ಬೆಳಕು, ಮೈದಣಿವು, ರಾತ್ರಿ ಪರದೆಯಿಲ್ಲದಿರುವುದು, ಇವು ಮೂರು ಕೂಡಿದರೆ ಸಾಮಾನ್ಯವಾಗಿ ಹೀಗೆಯೇ ಆಗುತ್ತದೆ.

ಕಥೆ ಇಷ್ಟು ನೇರವಾಗಿ ನಡೆಯಿತೆಂದು ಓದುಗರು ತಿಳಿಯಬಾರದು. ಐದನೆಯ ದಿನ ಅವನಿಗೆ ಬೇಸರ ಬಂತು. ಕಲ್ಲು ಭಾರ, ಕೆಲಸ ನಿಧಾನ, ವಜ್ರ ಸಿಗುವುದಿಲ್ಲ. ಎರಡು ದಿನ ಹಾಸಿಗೆಯಿಂದ ಏಳಲಿಲ್ಲ. ಒತ್ತಾಯಿಸುವ ಬದಲು ಭಾವನವರು ರಜೆ ಹಾಕಿ ಅವನನ್ನು ಚಿತ್ತಾಪುರದ ನಾಗಾವಿಗೆ ಕರೆದೊಯ್ದರು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. ಓದುವವರಿಗಾಗಿ ಗ್ರಂಥಭಂಡಾರವನ್ನು ನೋಡಿಕೊಳ್ಳುವವರೂ ಇದ್ದರೆಂದು ಹನ್ನೊಂದನೆಯ ಶತಮಾನದ ಶಾಸನ ಹೇಳುತ್ತದೆ. ಅರವತ್ತು ಕಂಬದ ಗುಡಿಯಲ್ಲಿ ಹುಡುಗ ಕಂಬಗಳನ್ನು ಎಣಿಸಿದನಂತೆ, ಸಂದುಗಳನ್ನೂ ನೋಡಿದನಂತೆ. ತಂದೆ ಮಗ ಮೊದಲ ಬಾರಿಗೆ ಇಡೀ ದಿನ ಜಗಳವಿಲ್ಲದೆ ಮಾತಾಡಿದ್ದು ಅಂದು. ಇನ್ನೊಂದು ವಾರ ಚಿಂಚೋಳಿಯ ಕಾಡಿಗೆ, ಚಂದ್ರಂಪಳ್ಳಿಯ ಜಲಾಶಯಕ್ಕೆ ಹೋಗಿ ಬಂದರು. ಹುಡುಗನನ್ನು ಆಟದಿಂದ ಬಿಡಿಸಿದ್ದು ಕಲ್ಲೋ ಕಾಡೋ ಎಂದು ನನ್ನನ್ನು ಕೇಳಿದರೆ, ಎರಡಕ್ಕಿಂತ ಮೊದಲು ತಂದೆಯ ಆ ಎರಡು ರಜೆಗಳನ್ನು ಹೇಳುತ್ತೇನೆ. ಆಟದೊಳಗೆ ಅವನಿಗೆ ಇದ್ದದ್ದು, ಮನೆಯಲ್ಲಿ ಇಲ್ಲದಿದ್ದದ್ದು, ಜೊತೆಗೊಬ್ಬರು.

ಉಡುಗೊರೆಯ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ದಸರೆ-ದೀಪಾವಳಿಯ ರಜೆಗಳಲ್ಲಿ ಹೈದರಾಬಾದಿನಿಂದ, ಬೆಂಗಳೂರಿನಿಂದ, ಅಮೆರಿಕದಿಂದ ಬರುವ ಚಿಕ್ಕಪ್ಪ, ಸೋದರಮಾವಂದಿರ ಚೀಲಗಳಲ್ಲಿ ಈಗ ಇರುವುದು ಇಂಥವೇ: ಟ್ಯಾಬ್ಲೆಟ್, ಸ್ಮಾರ್ಟ್ ವಾಚ್, ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಪೆಟ್ಟಿಗೆ, ರಿಮೋಟಿನ ಡ್ರೋನ್. ನಾವು ಕೊಟ್ಟು ಎರಡು ದಿನ ಉಂಡು ಹೊರಟುಬಿಡುತ್ತೇವೆ. ಕಾಯುವ ಕೆಲಸ ಮಗುವಿನ ತಾಯಿಯದು. ತಂತ್ರಜ್ಞಾನದ ಉಡುಗೊರೆ ಬೇಡವೆಂದು ನಾನು ಹೇಳಲಾರೆ. ಭಾರತೀಯ ಮೂಲದ ವಿಜ್ಞಾನಿ ಮನು ಪ್ರಕಾಶ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕವಿದೆ. ಮಡಚಿ ಜೋಡಿಸಿಕೊಂಡು ಕೆರೆಯ ನೀರಿನ ಹನಿಯನ್ನು ನೋಡಬಹುದು. ದುರ್ಬೀನು, ನಟ್ಟು ಬೋಲ್ಟಿನ ಲೋಹದ ಪಟ್ಟಿಗಳ ಪೆಟ್ಟಿಗೆ, ಚಿಕ್ಕ ಮೋಟಾರು, ಬ್ಯಾಟರಿ ದೀಪದ ಸಲಕರಣೆಗಳಿವೆ. ಟ್ಯಾಬ್ಲೆಟ್ಟನ್ನೇ ಕೊಡಬೇಕೆಂದಿದ್ದರೆ ಮಗುವಿನ ತಾಯ್ತಂದೆಯರನ್ನು ಮೊದಲು ಕೇಳಿ. ಗೂಗಲಿನ ಫ್ಯಾಮಿಲಿ ಲಿಂಕ್‌ನಂಥ ವ್ಯವಸ್ಥೆಯಲ್ಲಿ ಸಮಯದ ಮಿತಿ ಹಾಕಿ, ಆಮೇಲೆ ಪೆಟ್ಟಿಗೆ ಕಟ್ಟಿ. ಕೊಟ್ಟ ಮೇಲೆ ಮಿತಿ ಹಾಕುವುದು ಮಗುವಿಗೆ ಮೋಸದಂತೆ ಕಾಣುತ್ತದೆ. ಮೈನ್‌ಕ್ರಾಫ್ಟ್‌ಗೆ ಯುರೋಪಿನ ಮಂಡಳಿ 7 ವರ್ಷ ಮೇಲ್ಪಟ್ಟವರಿಗೆ ಎಂಬ ಗುರುತು ನೀಡಿದೆ. ಆ ಅಂಕಿ ಆಟದೊಳಗಿನ ಭಯ, ಹಿಂಸೆಗಳನ್ನು ಕುರಿತದ್ದು; ಎಷ್ಟು ಹೊತ್ತು ಆಡಬಹುದು ಎಂದು ಅದು ಹೇಳುವುದಿಲ್ಲ. ನಾನು ಪೆಟ್ಟಿಗೆಯ ಮೇಲಿನ ಗುರುತು ನೋಡಿ ನಿಶ್ಚಿಂತನಾಗಿದ್ದೆ.

ನಿದ್ರೆ, ಊಟ, ಶಾಲೆ ಮೂರೂ ಕೆಟ್ಟು ತಿಂಗಳುಗಳಾಗಿದ್ದರೆ, ಆಟ ನಿಲ್ಲಿಸಿದಾಗ ಮಗು ತನ್ನನ್ನೋ ಇತರರನ್ನೋ ನೋಯಿಸುವಂತಿದ್ದರೆ, ಅಥವಾ ಮೊದಲು ಲವಲವಿಕೆಯಿಂದಿದ್ದ ಮಗು ಎಲ್ಲದರಿಂದ ದೂರ ಸರಿದು ಆಟವೊಂದರಲ್ಲಿ ಅಡಗಿಕೊಂಡಿದ್ದರೆ ಮನೆಮದ್ದನ್ನು ನೆಚ್ಚಿ ಕೂರಬಾರದು. ಎಷ್ಟೋ ಸಲ ಆಟದ ಹಿಂದೆ ಖಿನ್ನತೆ, ಶಾಲೆಯ ಭಯ, ಕಲಿಕೆಯ ತೊಡಕು ಇರುತ್ತದೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ದಿನವನ್ನು ವಿಚಾರಿಸಿಕೊಂಡು ಹೋಗುವುದೊಳಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತಂತ್ರಜ್ಞಾನದ ಗೀಳಿಗೆಂದೇ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆದಿದೆ. ಹುಚ್ಚಾಸ್ಪತ್ರೆಗೆ ಕರೆದೊಯ್ದರೆಂದು ಊರು ಆಡಿಕೊಂಡೀತೆಂಬ ಅಂಜಿಕೆಯಿಂದ ತಡಮಾಡಿದವರನ್ನು ನಾನು ಕಂಡಿದ್ದೇನೆ. ತಡವಾದಷ್ಟೂ ಕಷ್ಟ ಮಗುವಿಗೇ.

ಶ್ರಾವಣದಲ್ಲಿ ವಾಡಿಗೆ ಹೋಗಿದ್ದೆ. ಹುಡುಗ ಈಗಲೂ ಆಡುತ್ತಾನೆ. ಆರು ಹಗಲು ಕೆಲವೊಮ್ಮೆ ಎಂಟಾಗುತ್ತದೆ, ಆಗ ಮನೆಯಲ್ಲಿ ದನಿ ಏರುತ್ತದೆ. ಶಹಾಬಾದಿನ ಗೆಳೆಯ ಈಗ ಭಾನುವಾರಗಳಲ್ಲಿ ಮನೆಗೇ ಬರುತ್ತಾನೆ. ಬೇವಿನ ಕಟ್ಟೆ ಮುಗಿದಿದೆ. ಗೌಂಡಿಯವರು ಕಟ್ಟಿದ ಮೂರು ಬದಿ ನೇರವಾಗಿವೆ. ಹುಡುಗ ಕಟ್ಟಿದ ನಾಲ್ಕನೆಯ ಬದಿ ಸ್ವಲ್ಪ ಹೊಟ್ಟೆ ಬಿಟ್ಟಿದೆ, ಅದರ ಮೇಲಿನ ಒಂದು ಫರಸಿ ಕುಳಿತರೆ ‘ಟಕ್’ ಎಂದು ಅಲುಗುತ್ತದೆ. ಅದರ ಕೆಳಗೊಂದು ಚಕ್ಕೆ ಸೇರಿಸಿ ಸರಿಪಡಿಸುತ್ತೇನೆಂದು ಅವನು ಅಂದ. ಅಜ್ಜಿ ಬೇಡವೆಂದರು. ಕಣ್ಣು ಈಗ ಅವರಿಗೆ ಸರಿಯಾಗಿ ಕಾಣುವುದಿಲ್ಲ. ಸಂಜೆ ಅಲ್ಲಿ ಕುಳಿತಿರುವಾಗ ಆ ಸಪ್ಪಳ ಕೇಳಿದರೆ ಮೊಮ್ಮಗ ಬಂದು ಪಕ್ಕದಲ್ಲಿ ಕುಳಿತನೆಂದು ತಿಳಿಯುತ್ತದಂತೆ.